ಗೋಡೆ ಪಕ್ಕದ ಸಾಲು

ಆ ಬೆಲೆಪಟ್ಟಿಯನ್ನು ನಾನು ಇನ್ನೂ ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ. ಹೊಳೆಯುವ ದಪ್ಪ ಕಾಗದ. ಮುಂದೆ ಕಾರಂಜಿ, ತೆಂಗಿನ ಮರ, ಸೈಕಲ್ ಹೊಡೆಯುವ ಮಗುವಿನ ಚಿತ್ರ. ಹಿಂದೆ ಬಡಾವಣೆಯ ನಕ್ಷೆ. ಹಸಿರು ಬಣ್ಣದ ಸೈಟುಗಳಿಗೆ ಚದರಡಿಗೆ 3,400 ರೂಪಾಯಿ, ಮೂಲೆ ಸೈಟುಗಳಿಗೆ 3,600. ಪಶ್ಚಿಮದ ಅಂಚಿಗೆ ಉದ್ದಕ್ಕೂ ಇದ್ದ ಹನ್ನೊಂದು ಸೈಟುಗಳಿಗೆ ಮಾತ್ರ 3,200.

"ಈ ಸಾಲು ಯಾಕೆ ಕಡಿಮೆ?" ಎಂದು ಕೇಳಿದೆ.

"ಆ ಕಡೆ ಕಾಲೋನಿ ಬರುತ್ತದೆ ಮೇಡಂ. ಕಾಂಪೌಂಡ್ ಎತ್ತರ ಮಾಡಿಸಿದ್ದೇವೆ, ಏನೂ ಕಾಣಿಸುವುದಿಲ್ಲ" ಎಂದರು ಬ್ರೋಕರ್.

ಕಾಲೋನಿ ಎಂದರೆ ಎ.ಕೆ. ಕಾಲೋನಿ, ಆದಿ ಕರ್ನಾಟಕ ಎಂಬ ದಲಿತ ಸಮುದಾಯದವರ ಕೇರಿ. ನಾನು ಮಾಲೂರು ತಾಲ್ಲೂಕಿನ ಅಂಥದೇ ಒಂದು ಕಾಲೋನಿಯಲ್ಲಿ ಹುಟ್ಟಿ ಬೆಳೆದವಳು. ಮೂವತ್ತು ನಲವತ್ತು ಸೈಟೆಂದರೆ 1,200 ಚದರಡಿ. ಚದರಡಿಗೆ 200 ಕಡಿಮೆ ಎಂದರೆ 2,40,000 ರೂಪಾಯಿ. ಜಮೀನಿನ ಮಣ್ಣು ಅದೇ, ಬೋರ್‌ವೆಲ್ ನೀರು ಅದೇ, ರಸ್ತೆಯ ಅಗಲವೂ ಅದೇ. ಗೋಡೆಯ ಆಚೆ ನನ್ನ ಅಮ್ಮನಂಥವರು ಅಂಗಳ ಗುಡಿಸುತ್ತಾರೆ ಎಂಬ ಒಂದೇ ಕಾರಣಕ್ಕೆ ಒಂದೊಂದು ಸೈಟಿನ ಮೇಲೆ ಅಷ್ಟು ಹಣ ಇಳಿದಿತ್ತು. ಅಸ್ಪೃಶ್ಯತೆಯ ಬಗ್ಗೆ ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಅದಕ್ಕೊಂದು ದರ ನಿಗದಿಯಾಗಿ ಅಚ್ಚಾಗಿರುವುದನ್ನು ನೋಡಿದ್ದು ಅದೇ ಮೊದಲು.

ಇದು 2019ರ ಮಾತು. ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ, ಪತಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾಗಡಿ ರಸ್ತೆಯ ಆಚೀಚೆ ಹದಿನಾಲ್ಕು ವರ್ಷದಲ್ಲಿ ಐದು ಬಾಡಿಗೆ ಮನೆ ಬದಲಾಯಿಸಿದ್ದೆವು. ಬಾಡಿಗೆ ಮನೆ ಹುಡುಕುವಾಗ "ಊಟ ಎಲ್ಲ ಹೇಗೆ?", "ನೀವು ಯಾವ ಪೈಕಿ?" ಎಂದು ಕೇಳಿಸಿಕೊಂಡು ಅಭ್ಯಾಸವಾಗಿತ್ತು. ಮಾಲೀಕರು ಅದೇ ಮನೆಯ ಮೇಲೋ ಕೆಳಗೋ ಇರುತ್ತಾರೆ, ಅವರ ಮನಸ್ಸು ಅಷ್ಟೇ ಎಂದುಕೊಂಡು ಮುಂದೆ ಹೋಗುತ್ತಿದ್ದೆವು. ಸ್ವಂತ ಸೈಟು ಕೊಂಡರೆ ಈ ಪ್ರಶ್ನೆ ಮುಗಿಯಿತು, ಹಣ ಕೊಟ್ಟವರಿಗೆ ಜಮೀನು ಎಂಬ ನಂಬಿಕೆ ನನ್ನದು. ಆ ನಂಬಿಕೆಯಿಂದಲೇ ಹುಡುಕಾಟ ಆರಂಭಿಸಿದ್ದು.

ಮೊದಲು ಯೋಚಿಸಿದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಸೈಟನ್ನು. 1976ರ ಕಾಯ್ದೆಯಿಂದ ಹುಟ್ಟಿದ ಈ ಪ್ರಾಧಿಕಾರದ ಮೇಲೆ ಎಷ್ಟೇ ದೂರುಗಳಿರಲಿ, ಅದರ ಹಂಚಿಕೆಯಲ್ಲಿ ಒಂದು ಒಳ್ಳೆಯ ಗುಣವಿದೆ. ಅಲ್ಲಿ ಪರಿಶಿಷ್ಟರಿಗೆ ಮೀಸಲಾತಿ ಇದೆ, ಎಷ್ಟು ಸಲ ಅರ್ಜಿ ಹಾಕಿದ್ದೀರಿ ಎಂಬುದು ಲೆಕ್ಕಕ್ಕೆ ಬರುತ್ತದೆ, ಪಕ್ಕದ ಸೈಟು ಯಾರಿಗೆ ಸಿಗಬೇಕೆಂದು ನೀವು ಹೇಳುವ ಹಾಗಿಲ್ಲ. ನನ್ನ ಸಹೋದ್ಯೋಗಿಯೊಬ್ಬರ ತಂದೆ, ನಮ್ಮವರೇ, ಮೂರನೆಯ ಸಲ ಅರ್ಜಿ ಹಾಕಿದಾಗ ಸೈಟು ಪಡೆದರು. ಅವರ ಎಡಕ್ಕೆ ನಿವೃತ್ತ ತಹಶೀಲ್ದಾರರು, ಬಲಕ್ಕೆ ಸೀರೆ ವ್ಯಾಪಾರಿ. ಹೀಗೆ ಬೆರೆತು ಕೂತ ಬೀದಿಗಳು ಬೆಂಗಳೂರಿನಲ್ಲಿ ಇವೆ, ಅವು ತಾವಾಗಿ ಹುಟ್ಟಿದವಲ್ಲ. ನಾವು ಹುಡುಕಲು ಹೊರಟ ಕಾಲಕ್ಕೆ ಹಂಚಿಕೆ ತೀರ ನಿಧಾನವಾಗಿತ್ತು, ಹಂಚಿದ ಬಡಾವಣೆಗಳಲ್ಲೂ ನೀರು, ಒಳಚರಂಡಿಗೆ ಜನ ವರ್ಷಗಟ್ಟಲೆ ಕಾಯುತ್ತಿದ್ದರು. ಮಗಳು ಎಂಟನೆಯ ತರಗತಿಯಲ್ಲಿದ್ದಳು. ನಮಗೆ ಅಷ್ಟು ಕಾಯುವ ಕಾಲವಿರಲಿಲ್ಲ.

ಗೃಹ ನಿರ್ಮಾಣ ಸಹಕಾರ ಸಂಘವೊಂದರ ಕಚೇರಿಗೂ ಹೋದೆವು. ಅರ್ಜಿಯಲ್ಲಿ ಜಾತಿಯ ಕಾಲಂ ಇರಲಿಲ್ಲ. ಆದರೆ ಈಗಿನ ಇಬ್ಬರು ಸದಸ್ಯರ ಶಿಫಾರಸು ಬೇಕಿತ್ತು, ಸದಸ್ಯರ ಪಟ್ಟಿಯಲ್ಲಿ ಒಂದೇ ಸಮುದಾಯದ ಹೆಸರುಗಳಿದ್ದವು. ಆ ಇಬ್ಬರನ್ನು ನಾನು ಎಲ್ಲಿಂದ ತರಲಿ? ಇದು ಕಾನೂನಿಗೆ ವಿರುದ್ಧವಲ್ಲವೇ ಎಂದು ಆಮೇಲೆ ವಕೀಲರನ್ನು ಕೇಳಿದೆ. ಅಹಮದಾಬಾದಿನ ಪಾರ್ಸಿಗಳ ಗೃಹ ನಿರ್ಮಾಣ ಸಂಘವೊಂದರ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟೇ ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತಗೊಳಿಸುವ ಉಪನಿಯಮವನ್ನು ಎತ್ತಿಹಿಡಿದಿದೆ ಎಂದು ಅವರು ಹೇಳಿದರು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಹೆಸರು ಹಿಡಿದು ಹೇಳುತ್ತದೆ. ಸೈಟಿನ ಹೆಸರು ಅಲ್ಲಿಲ್ಲ.

ಹೀಗೆ ತಿರುಗಿ ತಿರುಗಿ ತಾವರೆಕೆರೆ ಕಡೆಯ ಆ ಬಡಾವಣೆಗೆ ಬಂದಿದ್ದೆವು. ಭೂಪರಿವರ್ತನೆ ಆಗಿದೆ, ನಕ್ಷೆಗೆ ಅನುಮೋದನೆ ಇದೆ, ಬ್ಯಾಂಕ್ ಸಾಲ ಸಿಗುತ್ತದೆ. ಗೋಡೆ ಪಕ್ಕದ ಸಾಲು ನೋಡಿ ನನಗೆ ಹೊಟ್ಟೆ ಉರಿದರೆ ಪತಿಗೆ ಬೇರೆಯದೇ ಹೊಳೆಯಿತು. "ಇದನ್ನೇ ತೆಗೆದುಕೊಳ್ಳೋಣ. ಬೇರೆಯವರಿಗೆ ಬೇಡವಾದ ಸಾಲು ನಮಗೆ ಬೇಕು. ಎರಡೂವರೆ ಲಕ್ಷದ ಹತ್ತಿರ ಉಳಿಯುತ್ತದೆ, ಪಾಯಕ್ಕಾಯಿತು" ಎಂದರು. ಅವರು ನೋಂದಣಿ ಖರ್ಚಿನಲ್ಲಿ ಉಳಿಯುವುದನ್ನೂ ಸೇರಿಸಿ ಲೆಕ್ಕ ಹಾಕಿದ್ದರು. ಅವರ ಮಾತು ನನಗೂ ಸರಿ ಎನ್ನಿಸಿತು.

ಟೋಕನ್ ಅಡ್ವಾನ್ಸ್ ಕೊಡಲು ಹೋದ ದಿನ ಬ್ರೋಕರ್ ಕಾಫಿ ತರಿಸಿದರು. ಊರು ಯಾವುದು ಎಂದರು, ಹೇಳಿದೆ. ಮಾಲೂರಿನಲ್ಲಿ ನನಗೂ ಬೇಕಾದವರಿದ್ದಾರೆ, ಊರಲ್ಲಿ ನಿಮ್ಮ ಮನೆ ಯಾವ ಬೀದಿ ಎಂದರು. ಸುತ್ತಿ ಬಳಸಿ ಏನು ಪ್ರಯೋಜನ? "ಕಾಲೋನಿಯಲ್ಲಿ" ಎಂದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಬಿಸ್ಕತ್ತಿನ ತಟ್ಟೆಯನ್ನು ಇನ್ನೂ ಹತ್ತಿರ ಸರಿಸಿದರು. ಚೆಕ್ ಮಾತ್ರ ಇವತ್ತು ಬೇಡ, ಮಾಲೀಕರನ್ನು ಒಂದು ಮಾತು ಕೇಳಿ ಹೇಳುತ್ತೇನೆ ಎಂದರು. ಮರುದಿನ ಬೆಳಿಗ್ಗೆ ಫೋನ್ ಬಂತು: ಆ ಸಾಲು ಪೂರ್ತಿ ಬುಕ್ ಆಗಿದೆ. ಬೇರೆ ಸೈಟು? ಅವೂ ಆಗಿವೆ.

ಒಂದು ತಿಂಗಳ ನಂತರ ನನ್ನ ಸಹೋದ್ಯೋಗಿ ವಿಚಾರಿಸಿದಾಗ ಹನ್ನೊಂದರಲ್ಲಿ ಒಂಬತ್ತು ಖಾಲಿ ಇದ್ದವು.

ನಾನು ಸುಮ್ಮನಿರಲಿಲ್ಲ. ಆ ಬ್ರೋಕರ್‌ಗೆ ಫೋನ್ ಮಾಡಿ ಕೇಳಿದೆ, ಜಗಳ ಮಾಡಲು ಅಲ್ಲ, ತಿಳಿದುಕೊಳ್ಳಲು. ಆ ಮನುಷ್ಯ ಸುಳ್ಳನ್ನು ಮುಂದುವರಿಸಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. "ನನಗೆ ವೈಯಕ್ತಿಕವಾಗಿ ಏನೂ ಇಲ್ಲ ಮೇಡಂ. ಮೊದಲ ಹತ್ತು ಸೈಟು ಯಾರಿಗೆ ಹೋಗುತ್ತದೆಯೋ ಅದರ ಮೇಲೆ ಉಳಿದ ಐವತ್ತರ ರೇಟು ನಿಲ್ಲುತ್ತದೆ. ಬರುವವರೆಲ್ಲ ಮೊದಲು ಕೇಳುವುದೇ ಅಕ್ಕಪಕ್ಕ ಯಾರು ತೆಗೆದುಕೊಂಡಿದ್ದಾರೆ ಎಂದು. ಒಂದು ಸೈಟಿನಲ್ಲಿ ನನಗೆ ಸಿಗುವ ಕಮಿಷನ್ ನೋಡಿಕೊಂಡು ಐವತ್ತು ಸೈಟಿನ ವ್ಯಾಪಾರ ಕೆಡಿಸಲು ಮಾಲೀಕರು ಬಿಡುವುದಿಲ್ಲ" ಎಂದರು.

ಆ ಮಾತನ್ನು ನಾನು ಬಹಳ ದಿನ ಮೆಲುಕು ಹಾಕಿದೆ. ಮಾರುವವನಿಗೆ ದ್ವೇಷ ಇರಲೇಬೇಕೆಂದಿಲ್ಲ, ಕೊಳ್ಳುವ ಪ್ರತಿಯೊಬ್ಬನಿಗೂ ಇರಬೇಕೆಂದಿಲ್ಲ. ಮುಂದೆ ಬರುವವನಿಗೆ ಇರಬಹುದು ಎಂಬ ಅನುಮಾನವೊಂದೇ ಸಾಕು. ಜೀವಮಾನದ ಉಳಿತಾಯವನ್ನೆಲ್ಲ ಒಂದು ತುಂಡು ನೆಲದ ಮೇಲೆ ಸುರಿಯುವವನು ಅದರ ಬೆಲೆ ಇಳಿಯದಿರಲಿ ಎಂದೇ ಬಯಸುತ್ತಾನೆ. ಆ ಭಯ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಬೆಲೆಪಟ್ಟಿಯಲ್ಲಿ ಕುಳಿತುಬಿಡುತ್ತದೆ. 2001ರ ಜನಗಣತಿಯ ವಾರ್ಡ್ ಅಂಕಿಗಳನ್ನು ಇಟ್ಟುಕೊಂಡು ದೇಶದ ಏಳು ದೊಡ್ಡ ನಗರಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಗಿತ್ತು, ಬೆಂಗಳೂರೂ ಅದರಲ್ಲಿತ್ತು. ಈ ನಗರಗಳಲ್ಲಿ ಜನ ಆರ್ಥಿಕ ಸ್ಥಿತಿಗಿಂತ ಹೆಚ್ಚಾಗಿ ಜಾತಿಯ ಪ್ರಕಾರವೇ ಬೇರೆ ಬೇರೆಯಾಗಿ ವಾಸಿಸುತ್ತಾರೆ ಎಂದು ಅದು ತೋರಿಸಿತ್ತು. ನಾನು ಆ ಅಂಕಿಗಳ ಒಳಗಿನಿಂದ ನಡೆದು ಬರುತ್ತಿದ್ದೆ.

ಹಳೆಯ ಪೇಟೆಯಲ್ಲಿ ಇದು ಹೆಸರಿನಲ್ಲೇ ಇತ್ತು. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ. ನಗರ ಬೆಳೆದಂತೆ ಇದೆಲ್ಲ ಕರಗುತ್ತದೆ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಈಗಿನ ಬಡಾವಣೆಗಳಿಗೆ ಹೂವಿನ ಹೆಸರು, ನದಿಯ ಹೆಸರು, ವಿದೇಶದ ಹೆಸರು. ಒಳಗೆ ಯಾರಿದ್ದಾರೆ ಎಂದು ಬ್ರೋಕರ್ ಬಾಯಿಬಿಟ್ಟರೆ ಮಾತ್ರ ತಿಳಿಯುತ್ತದೆ.

ಅನುಮೋದಿತ ಬಡಾವಣೆಗಳ ಬಾಗಿಲು ಹೀಗೆ ಎರಡು ಮೂರು ಕಡೆ ಮುಚ್ಚಿದ ಮೇಲೆ ರೆವಿನ್ಯೂ ಸೈಟಿನ ಕಡೆ ತಿರುಗಿದೆವು. ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ, ನಕ್ಷೆಗೆ ಅನುಮೋದನೆ ಇಲ್ಲದೆ, ಕಲ್ಲು ನೆಟ್ಟು ಮಾರುವ ಸೈಟುಗಳಿವು. ಬೆಂಗಳೂರಿನ ಸುತ್ತ ಲಕ್ಷಾಂತರ ಜನರ ಮನೆಗಳು ನಿಂತಿರುವುದು ಇಂಥವುಗಳ ಮೇಲೆ. ಇಲ್ಲಿ ಯಾರೂ ನಮ್ಮ ಬೀದಿ ಕೇಳಲಿಲ್ಲ. ಹಣ ಇದೆಯೇ ಎಂದಷ್ಟೇ ಕೇಳಿದರು. ಆದರೆ ಬ್ಯಾಂಕು ಇಲ್ಲಿಗೆ ಬರುವುದಿಲ್ಲ. ಸಂಬಳದ ಚೀಟಿ ಹಿಡಿದು ಸಾಲ ಪಡೆಯಬಲ್ಲ ನಾವು ಸಾಲ ಸಿಗುವ ಕಡೆ ಬೇಡವಾಗಿದ್ದೆವು. ನಮ್ಮನ್ನು ಬರಮಾಡಿಕೊಳ್ಳುವ ಕಡೆ ಸಾಲ ಸಿಗುತ್ತಿರಲಿಲ್ಲ. ಅಲ್ಲಿ ಕೊಳ್ಳುವವರು ಚೀಟಿ ಎತ್ತಿ, ಒಡವೆ ಅಡವಿಟ್ಟು, ಊರಿನ ಅರ್ಧ ಎಕರೆ ಮಾರಿ ಬಂದವರು.

ನಮಗೆ ತೋರಿಸಿದ್ದು ಎರಡು ಎಕರೆಯಲ್ಲಿ ಮಾಡಿದ 46 ಸೈಟು. ಚದರಡಿಗೆ 1,600. ಒಂದು ಸೈಟಿಗೆ 19,20,000. ಪಕ್ಕದ ಅನುಮೋದಿತ ಬಡಾವಣೆಯ ಅರ್ಧಕ್ಕೂ ಕಡಿಮೆ. ಈಗ ಜಿ.ಪಿ.ಎ., ಅಂದರೆ ಅಧಿಕಾರ ಪತ್ರ, ಮಾಡಿಕೊಡುತ್ತೇವೆ, ಮುಂದೆ ಸಕ್ರಮ ಆದಾಗ ಕ್ರಯಪತ್ರ ಎಂದರು. ಜಿ.ಪಿ.ಎ. ಮೂಲಕ ನಡೆದ ಮಾರಾಟದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ನಮ್ಮ ವಕೀಲರು ಆ ಮಾತನ್ನು ಬದಿಗಿಟ್ಟು ಮೊದಲು ಪಹಣಿ ತೆಗೆಸಿ ಎಂದರು. ಕಂಪ್ಯೂಟರ್ ಪಹಣಿ ಸಾಲದು, ಹಳೆಯ ಕೈಬರಹದ ಪಹಣಿ, ಮ್ಯುಟೇಶನ್, ಋಣಭಾರ ಪತ್ರ ಎಲ್ಲ ಬೇಕು.

ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದೆ. ಐದನೆಯ ಸಲ ದೃಢೀಕೃತ ನಕಲು ಕೈಗೆ ಬಂತು. ಕಲಂ 9ರಲ್ಲಿ ಮೊದಲ ಮಾಲೀಕನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ "ದರಖಾಸ್ತು ಮಂಜೂರು, ಎ.ಕೆ." ಎಂದಿತ್ತು. ವಕೀಲರು ಕನ್ನಡಕ ತೆಗೆದು ಹಾಳೆ ಮೇಜಿನ ಮೇಲಿಟ್ಟರು. "ಇದು ಗ್ರಾಂಟ್ ಜಮೀನು ಮೇಡಂ. ಪಿ.ಟಿ.ಸಿ.ಎಲ್. ಬಿಡಿ, ಬೇಡ."

ಪಿ.ಟಿ.ಸಿ.ಎಲ್. ಎಂದರೆ ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಿನ ಪರಭಾರೆಯನ್ನು ನಿಷೇಧಿಸುವ ಕರ್ನಾಟಕದ 1978ರ ಕಾಯ್ದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಜಮೀನು ಮಾರಿದರೆ ಆ ಮಾರಾಟ ಅಸಿಂಧು. ಉಪವಿಭಾಗಾಧಿಕಾರಿಯವರು ಜಮೀನನ್ನು ಬಿಡಿಸಿ ಮೂಲ ಮಂಜೂರಾತಿದಾರರಿಗೋ ಅವರ ವಾರಸುದಾರರಿಗೋ ಕೊಡಿಸಬಹುದು. 1984ರಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಎರಡು ಎಕರೆಯ ಆ ಜಮೀನು 1987ರಲ್ಲಿ ಅನುಮತಿ ಇಲ್ಲದೆ 9,000 ರೂಪಾಯಿಗೆ ಕೈ ಬದಲಾಗಿತ್ತು.

ಇಷ್ಟಕ್ಕೆ ಬಿಡಬಹುದಿತ್ತು. ಆದರೆ ನನ್ನ ತಾತನಿಗೂ ಎರಡು ಎಕರೆ ದರಖಾಸ್ತು ಜಮೀನು ಸಿಕ್ಕಿತ್ತು. ಅತ್ತೆಯ ಮದುವೆ ಸಾಲಕ್ಕೆ ಅದು ಹೋಯಿತು. ಈಗ ಅಲ್ಲಿ ನೀಲಗಿರಿ ತೋಪಿದೆ, ಅದರ ಬದಿಯಲ್ಲಿ ಹಾದುಹೋಗುವಾಗೆಲ್ಲ ಅಮ್ಮ ಮುಖ ತಿರುಗಿಸುತ್ತಾಳೆ. ಒಂದು ಭಾನುವಾರ ಒಬ್ಬಳೇ ಆ ಹಳ್ಳಿಯ ಕಾಲೋನಿಗೆ ಹೋದೆ.

ಮಂಜೂರಾತಿ ಪಡೆದವನ ಸೊಸೆ ಬದುಕಿದ್ದರು. ಎಪ್ಪತ್ತು ದಾಟಿದ ಜೀವ. ನಾನು ಕಚೇರಿಯವಳು ಎಂದುಕೊಂಡು ಎದ್ದು ನಿಂತರು. ಕೈ ಹಿಡಿದು ಕೂರಿಸಿದೆ. ವಿಷಯ ಹೇಳಿದ ಮೇಲೆ ಒಳಗೆ ಹೋಗಿ ರಾಗಿ ಡಬ್ಬದ ತಳದಿಂದ ಪ್ಲಾಸ್ಟಿಕ್ ಕವರೊಂದನ್ನು ತಂದರು. ಅದರೊಳಗೆ ಸಾಗುವಳಿ ಚೀಟಿ, ಜಮೀನು ಮಂಜೂರಾದ ಪತ್ರ. ನಾಲ್ಕಾಗಿ ಮಡಿಸಿ ಮಡಿಸಿ ಮಡಿಕೆಗಳ ಜಾಗದಲ್ಲಿ ತೂತು ಬಿದ್ದಿತ್ತು. ನೇರಳೆ ಶಾಯಿಯ ಮೊಹರು ಅರ್ಧ ಮಾಸಿತ್ತು. ಚೆಕ್ಕುಬಂದಿಯ ಸಾಲಿನಲ್ಲಿ ಪೂರ್ವಕ್ಕೆ ಸರ್ಕಾರಿ ಖರಾಬು, ಪಶ್ಚಿಮಕ್ಕೆ ಹಳ್ಳ. ಕಾಗದಕ್ಕೆ ರಾಗಿಯ ವಾಸನೆ ಹತ್ತಿತ್ತು.

"ಓದಿ ಹೇಳು ತಾಯಿ, ಏನು ಬರೆದಿದೆ? ನನಗೆ ಇದುವರೆಗೆ ಯಾರೂ ಪೂರ್ತಿ ಓದಿ ಹೇಳಿಲ್ಲ" ಎಂದರು.

ಓದಿದೆ. ಪರಭಾರೆ ಮಾಡಕೂಡದು ಎಂಬ ಷರತ್ತಿಗೆ ಬಂದಾಗ ನಿಲ್ಲಿಸಿ ಅರ್ಥ ಹೇಳಿದೆ. ಅವರು ತಲೆಯಾಡಿಸಿದರು. "ಆವಾಗ ಮಾವನಿಗೆ ಕಾಯಿಲೆ. ಬೆಂಗಳೂರಿಗೆ ಕರೆದುಕೊಂಡು ಹೋಗಲು ದುಡ್ಡು ಕೊಟ್ಟರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಬೋಗ್ಯ ಎಂದುಕೊಂಡಿದ್ದೆವು." ಆ ಅಜ್ಜಿ ಆಗ ಪಕ್ಕದ ಅನುಮೋದಿತ ಬಡಾವಣೆಯಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸ ಮಾಡುತ್ತಿದ್ದರು. ನನಗೆ ಸೈಟು ಸಿಗದ ಅದೇ ಬಡಾವಣೆ. ಗೇಟಿನಲ್ಲಿ ದಿನವೂ ಹೆಸರು ಬರೆಸಿ ಒಳಗೆ ಹೋಗಬೇಕು.

ಈಗ ಕೇಸು ಹಾಕಿದರೆ ಜಮೀನು ಸಿಗುತ್ತದೆಯೇ ಎಂದು ಅವರು ಕೇಳಿದರು. ಇಂಥ ಅರ್ಜಿಗಳನ್ನು ಯುಕ್ತ ಕಾಲಾವಧಿಯೊಳಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು, ಮೂವತ್ತೆರಡು ವರ್ಷದ ನಂತರ ಕಷ್ಟ ಎಂದು ವಕೀಲರ ಮಾತು. ಅದನ್ನು ಅವರಿಗೆ ಹೇಗೆ ಹೇಳಿದೆನೋ ನೆನಪಿಲ್ಲ. ಚೀಟಿಯ ಫೋಟೋ ತೆಗೆದುಕೊಂಡೆ, ಲ್ಯಾಮಿನೇಟ್ ಮಾಡಿಸಬೇಡಿ, ಹರಿದರೂ ಮೂಲಪ್ರತಿ ಹೀಗೆಯೇ ಇರಲಿ ಎಂದು ಹೇಳಿ ಬಂದೆ.

ಅಲ್ಲಿ ಸೈಟು ಕೊಳ್ಳಲು ನನ್ನಿಂದ ಆಗಲಿಲ್ಲ. ಕೊಂಡ ಉಳಿದವರನ್ನು ತಪ್ಪೆನ್ನಲಾರೆ. ಗಾರೆ ಕೆಲಸದವರು, ಗಾರ್ಮೆಂಟ್ಸ್ ಹೆಂಗಸರು, ಆಟೋ ಓಡಿಸುವವರು. ಅವರಲ್ಲಿ ಮುಸ್ಲಿಮರು ಹೆಚ್ಚು, ನಮ್ಮವರೂ ಇದ್ದಾರೆ. ಅನುಮೋದಿತ ಬಡಾವಣೆಗಳಲ್ಲಿ ಜಾಗ ಸಿಗದವರೆಲ್ಲ ವ್ಯಾಜ್ಯದ ಭಯದಿಂದ ಅಗ್ಗವಾದ ನೆಲಕ್ಕೆ ಬಂದು ಸೇರುತ್ತಾರೆ. ಆ ನೆಲ ಅವರಿಗಿಂತಲೂ ಬಡವರಿಂದ ಕಿತ್ತುಕೊಂಡದ್ದಾಗಿರುತ್ತದೆ. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು ಅರ್ಜಿಗೆ ಕಾಲಮಿತಿ ಇಲ್ಲ ಎಂದು ಮಾಡಿದ ಮೇಲೆ ನಾನು ಆ ಕಾಲೋನಿಗೆ ಮತ್ತೆ ಹೋದೆ. ಅಜ್ಜಿ ತೀರಿಕೊಂಡಿದ್ದರು. ಮೊಮ್ಮಗ ಅರ್ಜಿ ಹಾಕಿದ್ದಾನೆ, ವಿಚಾರಣೆ ನಡೆಯುತ್ತಿದೆ. ನಲವತ್ತಾರು ಸೈಟುಗಳಲ್ಲಿ ಮೂವತ್ತಕ್ಕೂ ಹೆಚ್ಚು ಮನೆ ಎದ್ದಿವೆ. ಆ ಮನೆಯವರೂ ನೋಟಿಸು ಹಿಡಿದು ವಕೀಲರ ಮನೆ ಅಲೆಯುತ್ತಿದ್ದಾರೆ. ನಡುವೆ ಲಾಭ ಮಾಡಿಕೊಂಡವನು ಮಾತ್ರ ಆ ಕಡತದಲ್ಲಿ ಎಲ್ಲೂ ಇಲ್ಲ.

ನಮಗೆ ಕೊನೆಗೆ ಸೈಟು ಸಿಕ್ಕಿದ್ದು 2021ರಲ್ಲಿ, ಇನ್ನೂ ಹತ್ತು ಕಿಲೋಮೀಟರ್ ಆಚೆ. ಪರಿವರ್ತನೆ ಆಗಿದೆ, ಅನುಮೋದನೆ ಇದೆ, ಬ್ಯಾಂಕ್ ಸಾಲವೂ ಸಿಕ್ಕಿತು. ಇಪ್ಪತ್ತು ಮೂವತ್ತರ ಸೈಟು. ಸುದ್ದಿ ತಿಳಿಸಿದ್ದು ನಮ್ಮ ಸಮುದಾಯದವರೇ ಆದ ಸಹೋದ್ಯೋಗಿ, ಅವರಿಗೆ ಅವರ ಭಾವ. ಒಬ್ಬರಿಂದ ಒಬ್ಬರು ತಿಳಿದು ಅಲ್ಲಿ ಕೊಂಡವರಲ್ಲಿ ಶಿಕ್ಷಕರು, ಕಂಡಕ್ಟರು, ನರ್ಸು, ಬಹುಪಾಲು ನಮ್ಮವರೇ. ಯಾರೂ ಗೋಡೆ ಕಟ್ಟಲಿಲ್ಲ, ಆದರೂ ಅದು ಒಂದು ಕೇರಿಯಂತೆಯೇ ಆಯಿತು. ಪತಿ ನೆಮ್ಮದಿಯಾಗಿದ್ದಾರೆ, ಇಲ್ಲಿ ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ ಎನ್ನುತ್ತಾರೆ. ಮಗಳು ಹಳೆಯ ಬೀದಿಯ ಗೆಳತಿಯರನ್ನು ಬಿಟ್ಟು ಬಂದದ್ದಕ್ಕೆ ಆರು ತಿಂಗಳು ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ನನಗೆ ಎರಡೂ ಅರ್ಥವಾಗುತ್ತದೆ.

ಉಪನೋಂದಣಿ ಕಚೇರಿಯಲ್ಲಿ ಬೆರಳಚ್ಚು ಕೊಡುವ ಮುಂಚೆ ಕ್ರಯಪತ್ರವನ್ನು ಸಾಲು ಸಾಲಾಗಿ ಓದಿದೆ. ಪತ್ರ ಬರಹಗಾರರಿಗೆ ಅವಸರ, "ಎಲ್ಲ ಮಾಮೂಲಿ ಷರತ್ತು ಮೇಡಂ" ಎಂದರು. ಐದನೆಯ ಪುಟದಲ್ಲಿ ಅದು ಇತ್ತು: ಸದರಿ ಸ್ವತ್ತು 1978ರ ಕಾಯ್ದೆಯ ಅಡಿಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನು ಆಗಿರುವುದಿಲ್ಲ. ನಮ್ಮ ರಾಜ್ಯದ ಕ್ರಯಪತ್ರಗಳಲ್ಲಿ ಈ ಸಾಲು ಸಾಮಾನ್ಯ. ಈ ನೆಲ ಎಂದೂ ನಮ್ಮಂಥವರದಾಗಿರಲಿಲ್ಲ ಎಂಬುದು ಖಚಿತವಾದ ಮೇಲೆಯೇ ನೆಲ ನನ್ನ ಹೆಸರಿಗೆ ಬಂತು. ಪುಟದ ಕೆಳಗೆ ಸಹಿ ಹಾಕುವಾಗ ರಾಗಿಯ ವಾಸನೆಯ ಆ ಚೀಟಿ ಕಣ್ಣ ಮುಂದೆ ಬಂತು.

ಕಳೆದ ವರ್ಷ ಆಷಾಢದ ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ನಮ್ಮ ಪಕ್ಕದ ಖಾಲಿ ಸೈಟು ಮಾರಿಸುತ್ತಿರುವ ಬ್ರೋಕರ್. ಒಳ್ಳೆಯ ಪಾರ್ಟಿ ಬಂದಿದ್ದಾರೆ, ರೇಟು ಒಪ್ಪಿಗೆಯಾಗಿದೆ ಎಂದು ಹೇಳಿ ಸ್ವಲ್ಪ ತಡೆದರು. "ಅವರು ಅಕ್ಕಪಕ್ಕ ಯಾವ ಜನ ಎಂದು ಕೇಳುತ್ತಿದ್ದಾರೆ ಮೇಡಂ. ಏನು ಹೇಳಲಿ?"

"ಇದ್ದದ್ದನ್ನು ಹೇಳಿ" ಎಂದೆ.

ಸೈಟು ಇನ್ನೂ ಖಾಲಿ ಇದೆ. ಊರಿನಿಂದ ಬಂದ ಅಮ್ಮ ಅದರ ಮಾಲೀಕರಿಗೆ ಫೋನ್ ಮಾಡಿಸಿ, ಸುಮ್ಮನೆ ಬಿದ್ದಿರುವ ಮಣ್ಣು, ಒಂದು ಬೆಳೆ ಇಡಲೇ ಎಂದು ಕೇಳಿದಳು. ಅವರು ಆಗಲಿ ಎಂದರು. ಈ ಸಲ ಅವರೆ ಚೆನ್ನಾಗಿ ಕಾಯಿ ಕಚ್ಚಿದೆ.